ಕುದುರೆ ಬದಲಿಸುವುದು

ವೀಣೆಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಭಾಗಕ್ಕೆ ಕುದುರೆ ಎನ್ನುತ್ತೇವೆ. ಎಲೆಕ್ಟ್ರಿಕ್ ಬೇಸ್ ಗಿಟಾರಿನಲ್ಲಿ ಅದೇ ಕೆಲಸ ಮಾಡುವ ಲೋಹದ ಭಾಗ ಬ್ರಿಡ್ಜ್. ಸೇತುವೆಗಿಂತ ಕುದುರೆ ಒಳ್ಳೆಯ ಹೆಸರು. ಹೊರುವುದೂ ದಣಿಯುವುದೂ ಅದರಲ್ಲಿದೆ. ದಣಿದ ಕುದುರೆಯನ್ನು ಬದಲಿಸಿದರೆ ವಾದ್ಯ ಅದೇ ವಾದ್ಯವಾಗಿ ಉಳಿಯುತ್ತದೆಯೇ? ಈ ಪ್ರಶ್ನೆ ನನಗೆ ಬಂದದ್ದು ಸೆಮಿನಾರಿನಿಂದಲ್ಲ, ತೀರಿಕೊಂಡ ಸೋದರಮಾವನ ಬೇಸ್‌ನಿಂದ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಅವರು ವರ್ಷಾನುಗಟ್ಟಲೆ ನುಡಿಸಿದ ವಾದ್ಯ. ಬಲ ಅಂಗೈ ಊರುತ್ತಿದ್ದ ಜಾಗದಲ್ಲಿ ಬೆವರಿಗೆ ತುಕ್ಕು ಹಿಡಿದು ಸ್ಕ್ರೂಗಳೆಲ್ಲ ಕಚ್ಚಿಕೊಂಡಿದ್ದವು.

ಸ್ಕ್ರೂ ತಿರುಗದಿದ್ದರೆ ಸ್ಯಾಡಲ್ ಸರಿಯುವುದಿಲ್ಲ. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಕೊಂಚ ಎಳೆದುಕೊಂಡು ಶ್ರುತಿ ಏರುತ್ತದೆ. ಸ್ಯಾಡಲನ್ನು ಹಿಂದಕ್ಕೆ ಸರಿಸಿ, ತಂತಿಯ ಉದ್ದ ತುಸು ಹೆಚ್ಚಿಸಿ ಅದನ್ನು ಸರಿದೂಗಿಸಬೇಕು. ಮಾವನ ಬೇಸ್‌ನಲ್ಲಿ ಬಿಡಿತಂತಿ ಶ್ರುತಿಯಲ್ಲೇ ಇರುತ್ತಿತ್ತು, ಹನ್ನೆರಡನೇ ಫ್ರೆಟ್‌ಗೆ ಬಂದರೆ ಏರಿರುತ್ತಿತ್ತು. ತೊಂದರೆ ಹಳೆಯದೇ. 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನಲ್ಲಿ ನಾಲ್ಕು ತಂತಿಗೆ ಎರಡೇ ಸ್ಯಾಡಲ್. ಒಂದು ತಂತಿಯನ್ನು ಸರಿಮಾಡಿದರೆ ಜೊತೆಯದು ಕೆಡುತ್ತಿತ್ತು. 1957ರಲ್ಲಿ ತಂತಿಗೊಂದು ಸ್ಯಾಡಲ್ ಬಂತು. ಬ್ರಿಡ್ಜ್ ಬದಲಿಸುವ ಕೆಲಸ ಶುರುಮಾಡಿದವರು ತಯಾರಕರೇ ಅನ್ನಿ.

ಅತ್ತೆಗೆ ಈ ಲೆಕ್ಕ ಬೇಕಿರಲಿಲ್ಲ. "ನಿಮ್ಮ ಮಾವನ ಕೈ ಊರ್ತಿದ್ದದ್ದು ಅಲ್ಲೇ ಕಣೋ. ಅದನ್ನೇ ಬಿಚ್ಚಿಬಿಟ್ರೆ ಇನ್ನೇನು ಉಳೀತು?"

ತತ್ವಶಾಸ್ತ್ರದವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ಮಿಲಿಂದಪಞ್ಹದಲ್ಲಿ ನಾಗಸೇನ ದೊರೆಯನ್ನು ಕೇಳುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ಯಾವುದೂ ಅಲ್ಲ, ರಥವೆಂಬುದು ವ್ಯವಹಾರದ ಹೆಸರು. ಒಪ್ಪೋಣ. ಆದರೆ ವ್ಯವಹಾರ ಯಾರದು? ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಣ ಸಡಿಲವಾದಾಗ ಅದನ್ನು ತೆಗೆದು ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸುತ್ತಾರೆ. ಇದು ಅಜ್ಜಿಯ ವೀಣೆಯಲ್ಲ ಎಂದು ಆಮೇಲೆ ಯಾರೂ ಅನ್ನುವುದಿಲ್ಲ. ನುಡಿಸುವವರು ಅದನ್ನು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ಬೇಸ್‌ನ ವಿಷಯದಲ್ಲಿ ತೀರ್ಮಾನ ಹೆಚ್ಚಾಗಿ ಮಾರುಕಟ್ಟೆಯದು. ಹಳೆಯ ಫೆಂಡರ್‌ನಲ್ಲಿ ಮೂಲ ಬಿಡಿಭಾಗಗಳಿದ್ದರೆ ಬೆಲೆ ಹೆಚ್ಚು. ಅದು ಕೊಳ್ಳುವವನ ಪ್ರಶ್ನೆ, ನುಡಿಸುವವನದಲ್ಲ.

ಹೀಗೆ ವಾದಿಸುವಾಗ ಜೇಮ್ಸ್ ಜೇಮರ್ಸನ್ ನೆನಪಾಗುತ್ತಾರೆ. ಮೋಟೌನ್‌ನ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದವರು. ತಂತಿ ಬದಲಿಸುವುದಕ್ಕೇ ಒಪ್ಪದವರು. 1983ರಲ್ಲಿ, ಅವರು ತೀರಿಕೊಳ್ಳುವ ಸ್ವಲ್ಪ ಮೊದಲು, ಆ 1962ರ ಪ್ರಿಸಿಷನ್ ಕಳುವಾಯಿತು. ವಾದ್ಯ ಹೋದರೂ ನಾದ ಧ್ವನಿಮುದ್ರಣಗಳಲ್ಲಿ ಉಳಿದಿದೆ. ಮಾವನ ನುಡಿಸಾಣಿಕೆಯನ್ನು ಯಾರೂ ಮುದ್ರಿಸಿಕೊಂಡಿಲ್ಲ. ಅವರಿಗೆ ಉಳಿದ ಮುದ್ರಣ ಆ ತುಕ್ಕೇ. ಅತ್ತೆಯ ವಾದ ನಾಗಸೇನನದಕ್ಕಿಂತ ಗಟ್ಟಿ ಎನಿಸಿದ್ದು ಇಲ್ಲಿ.

ಆದರೂ ಬದಲಿಸಿದೆ. "ಮಾವ ಇದ್ದಿದ್ದರೆ ಅವರೇ ಬದಲಿಸುತ್ತಿದ್ದರು" ಎಂಬ ಸಮರ್ಥನೆ ನನಗೆ ಬೇಡ. ಸತ್ತವರ ಬಾಯಲ್ಲಿ ನಮ್ಮ ಆಸೆ ಹೇಳಿಸುವುದು ಅಗ್ಗದ ಉಪಾಯ. ಭಾರದ ಬ್ರಿಡ್ಜ್ ಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ಮಾತಿಗೂ ಮರುಳಾಗಲಿಲ್ಲ. ನನ್ನ ಕಾರಣ ಬೇರೆ. ಬೇಸ್ ಸಾಮಾನ್ಯವಾಗಿ ಒಂಟಿಯಾಗಿ ನುಡಿಯುವ ವಾದ್ಯವಲ್ಲ. ಅದರ ಮೇಲೆ ಕೀಬೋರ್ಡ್ ನಿಲ್ಲುತ್ತದೆ, ಹಾಡುವವಳು ನಿಲ್ಲುತ್ತಾಳೆ. ಅಡಿಯ ಸ್ವರ ಏರಿದ್ದರೆ ಜನರ ಕಿವಿಗೆ ತಪ್ಪಾಗಿ ಕೇಳುವುದು ಅವಳ ದನಿ. ನನ್ನ ನೆನಪಿನ ಬೆಲೆಯನ್ನು ಅವಳು ತೆರಬೇಕೆನ್ನುವುದು ನ್ಯಾಯವಲ್ಲ. ವಾದ್ಯವನ್ನು ಗೋಡೆಗೆ ತೂಗುಹಾಕುವುದಾಗಿದ್ದರೆ ಅತ್ತೆ ಹೇಳಿದ್ದೇ ಸರಿ.

ಹೊಸ ತೂತು ಕೊರೆಯದೆ, ಹಳೆಯ ಐದು ಸ್ಕ್ರೂ ತೂತುಗಳಿಗೇ ಹೊಂದುವ ಬ್ರಿಡ್ಜ್ ತಂದೆ. ಅಡಿಯಲ್ಲಿದ್ದ ಅರ್ತ್ ವೈರನ್ನು ಮತ್ತೆ ಅಲ್ಲೇ ಒತ್ತಿಟ್ಟೆ; ಅದು ತಾಗದಿದ್ದರೆ ಗುಂಯ್‌ಗುಡುವ ಸದ್ದು. ಮರಳಿ ಮೊದಲಿನಂತೆ ಮಾಡಬಹುದಾದ ಬದಲಾವಣೆಯನ್ನಷ್ಟೇ ಮಾಡು ಎಂಬುದು ಮ್ಯೂಸಿಯಂ ಸಂರಕ್ಷಕರ ನೀತಿ. ಒಳ್ಳೆಯ ನೀತಿಯೇ, ಆದರೆ ತುಕ್ಕು ಹಿಡಿದದ್ದನ್ನು ಮತ್ತೆ ಹಾಕುವವರು ಯಾರು? ಆ ಸಾಧ್ಯತೆ ಇರುವುದು ನನ್ನ ಸಮಾಧಾನಕ್ಕೆ.

ಹಳೆಯ ಬ್ರಿಡ್ಜನ್ನು ಅತ್ತೆಗೆ ಕೊಟ್ಟೆ. ಅದರ ಜೊತೆ ಬಿಚ್ಚಿದ ನಾಲ್ಕು ತಂತಿಗಳನ್ನು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಸುತ್ತಿ ಕಸಕ್ಕೆ ಹಾಕಿದೆವು. ಮಾವನ ಬೆರಳು ದಿನವೂ ತಾಗುತ್ತಿದ್ದದ್ದು ಅವಕ್ಕೇ.