ದಾನವೂ ಉತ್ಸರ್ಗವೂ

ಬಿಸಿಲು ಏರತೊಡಗಿ ಶಾಲೆಗಳಿಗೆ ಬೀಗ ಬಿದ್ದೊಡನೆ ನಮ್ಮ ಮಂಗಳೂರು ನಗರದಲ್ಲಿ ಮಕ್ಕಳ ಬೇಸಿಗೆ ಶಿಬಿರಗಳ ಸಂಭ್ರಮವು ಮೊದಲಾಗುವುದು. ಚಿತ್ರ ಬರೆಯುವುದು, ಆವೆಮಣ್ಣಿನ ಗೊಂಬೆ ಮಾಡುವುದು, ನಾಟಕ, ಹಾಡು, ಯಕ್ಷಗಾನದ ಹೆಜ್ಜೆ, ಮಧ್ಯಾಹ್ನಕ್ಕೆ ಗಂಜಿಯೂಟ, ಸಂಜೆಗೆ ಪುನರ್ಪುಳಿಯ ಪಾನಕ. ಆಟದೊಳಗೆ ಪಾಠವನ್ನು ಕಾಣಿಸುವ ಈ ವಿಚಾರವು ನಮ್ಮ ಜಿಲ್ಲೆಗೆ ಹೊಸದಲ್ಲ; ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಬಹುಕಾಲದ ಹಿಂದೆಯೇ ಅದನ್ನು ನಡೆಯಿಸಿ ತೋರಿಸಿದ್ದರು. ಈಚೆಗೆ ಕಂಡುಬರುವ ಹೊಸ ಸಂಗತಿಯೆಂದರೆ, ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾರದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳನ್ನೂ ಕೆಲವು ಶಿಬಿರಗಳು ಉಳಿದ ಮಕ್ಕಳೊಡನೆ ಒಂದೇ ಚಾವಡಿಯಲ್ಲಿ ಕುಳ್ಳಿರಿಸಿಕೊಳ್ಳುತ್ತಿರುವುದು. ಇದಕ್ಕೆ ಹಣ ಬೇಕು. ಹಣಕ್ಕೆ ದಾನಿಗಳು ಬೇಕು. ದಾನದಿಂದ ಇಂಥ ಶಿಬಿರಗಳು ಬೆಳೆಯುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಆ ದಾನದ ಭಾರವು ಕಡೆಗೆ ಯಾರ ತಲೆಯ ಮೇಲೆ ಬೀಳುವುದೆಂಬ ಪ್ರಶ್ನೆಯು ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ಅದಕ್ಕೆ ನನ್ನ ತಪ್ಪೊಂದು ಕಾರಣವಾದುದರಿಂದ, ಮೊದಲು ಅದನ್ನು ಒಪ್ಪಿಸಿಬಿಡುವೆನು.

ನಾನು ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮರುವರ್ಷ, ನೆರೆಯ ಶಿಬಿರವೊಂದರವರು ಮಕ್ಕಳಿಗೆ ತಾಳಮದ್ದಳೆಯ ಅರ್ಥಗಾರಿಕೆಯನ್ನು ಕಲಿಸಬೇಕೆಂದು ಕೇಳಿಕೊಂಡರು. ಆ ಮಕ್ಕಳಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದನು, ಗಾಲಿಕುರ್ಚಿಯಲ್ಲಿ ಬರುತ್ತಿದ್ದನು. ತಾಳಮದ್ದಳೆಯು ಕುಳಿತೇ ನಡೆಯಿಸುವ ಕಲೆಯಷ್ಟೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದಕ್ಕೆ ಅರ್ಥಧಾರಿಯು ತನ್ನ ಮಾತಿನಿಂದಲೇ ಸಭೆಯನ್ನು ಕಟ್ಟಬೇಕು. ಹುಡುಗನಿಗೆ ಅದು ಹೇಳಿ ಮಾಡಿಸಿದಂತಿತ್ತು. ಸಮಾರೋಪದ ದಿನ ಕೃಷ್ಣಸಂಧಾನದ ಒಂದು ಭಾಗವನ್ನು ಇರಿಸಿಕೊಂಡೆವು. ಕೃಷ್ಣನ ಅರ್ಥ ಅವನದು. ಕೌರವನಾಗಿ ಕುಳಿತವನು “ಐದು ಗ್ರಾಮಗಳನ್ನು ಬೇಡಲು ಬಂದೆಯಾ?” ಎಂದು ಹಂಗಿಸಿದಾಗ, ನಾನು ಹೇಳಿಕೊಟ್ಟಿರದ ಮಾತೊಂದನ್ನು ಅವನು ಆಡಿದನು: “ಬೇಡುವುದಕ್ಕೆ ಬರಲಿಲ್ಲ, ಪಾಲು ಕೇಳುವುದಕ್ಕೆ ಬಂದೆ. ಪಾಲು ಕೇಳುವವನಿಗೆ ನಾಚಿಕೆಯಿಲ್ಲ, ಇಟ್ಟುಕೊಂಡವನಿಗೆ ಉಂಟು.” ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಅದಾಗಿ ಅರ್ಧ ಗಂಟೆಯೊಳಗೆ ದಾನಿಗಳ ಸನ್ಮಾನವು ಆರಂಭವಾಯಿತು. ವೇದಿಕೆಗೆ ಮೂರು ಮೆಟ್ಟಿಲುಗಳಿದ್ದುವು. ಸ್ವಯಂಸೇವಕರಿಬ್ಬರು ಅದೇ ಹುಡುಗನನ್ನು ಕುರ್ಚಿಯ ಸಮೇತ ಎತ್ತಿ ಮೇಲಕ್ಕೊಯ್ದರು. ಅವನು ಒಂದು ಕಾಗದವನ್ನು ಓದಿದನು. ನಮ್ಮಂಥ ನಿರ್ಭಾಗ್ಯರಾದ ಮಕ್ಕಳ ಮೇಲೆ ಕರುಣೆಯಿಟ್ಟು ಉಪಕರಿಸಿದ ಮಹನೀಯರಿಗೆ ಎಂದೆಂದಿಗೂ ಋಣಿಗಳಾಗಿರುವೆವು ಎಂಬ ಅರ್ಥದ ಮಾತುಗಳು. ಆ ಕಾಗದವನ್ನು ಬರೆದುಕೊಟ್ಟವನು ನಾನು. ಒಳ್ಳೆಯ ಕನ್ನಡದಲ್ಲಿ ಬರೆದೆನೆಂಬ ಹೆಮ್ಮೆಯೂ ಆಗ ಇತ್ತು.

ಮರುವರ್ಷ ಹುಡುಗನು ಬರಲಿಲ್ಲ. ಪೇಟೆಯಲ್ಲಿ ಅವನ ತಾಯಿ ಕಾಣಸಿಕ್ಕಿದಾಗ ಕೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಶಿಬಿರ ಬೇಡವೆಂದಲ್ಲ ಮಾಸ್ತರೇ, ಅವನಿಗೆ ಕೊನೆಯ ದಿನ ಬೇಡವಂತೆ” ಎಂದಳು.

ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಧರ್ಮಶಾಸ್ತ್ರದ ಪ್ರತಿಗ್ರಹವಿಚಾರವನ್ನು ಒತ್ತಿ ಒತ್ತಿ ಹೇಳುತ್ತಿದ್ದರು. ಪ್ರತಿಗ್ರಹವೆಂದರೆ ದಾನವನ್ನು ಸ್ವೀಕರಿಸುವುದು. ಅದಕ್ಕೆ ಅರ್ಹನಾದವನೂ ಅದರಲ್ಲಿ ಆಸಕ್ತನಾಗಬಾರದು, ಪ್ರತಿಗ್ರಹದಿಂದ ತೇಜಸ್ಸು ಬೇಗನೆ ನಂದಿಹೋಗುವುದು ಎಂಬುದು ಮನುಸ್ಮೃತಿಯ ಅಭಿಪ್ರಾಯ. ಆ ಗ್ರಂಥದಲ್ಲಿ ಇಂದು ನಾವು ಒಪ್ಪಲಾಗದ ಮಾತುಗಳು ಎಷ್ಟೋ ಇವೆ. ಅದರಿಂದ ಈ ಮಾತು ಸುಳ್ಳಾಗುವುದಿಲ್ಲ. ವೇದವನ್ನೋದಿದ ಪ್ರೌಢನೂ ಅಂಜಬೇಕಾದ ಭಾರವನ್ನು ನಾವು ಹನ್ನೊಂದು ವರ್ಷದ ಹುಡುಗನ ಮೇಲೆ, ಅದೂ ಮೈಕಿನ ಮುಂದೆ, ಹೊರಿಸಿದೆವು. ಅವನ ತೇಜಸ್ಸು ಎಷ್ಟಿತ್ತೆಂಬುದನ್ನು ಅರ್ಧ ಗಂಟೆಯ ಮೊದಲು ಕಂಡವರೇ ನಾವು.

ಹಾಗಾದರೆ ಕೊಡುವುದು ಹೇಗೆ? ಇಲ್ಲಿಯೂ ನಮ್ಮ ಹಿಂದಿನ ನಿಬಂಧಕಾರರು ಸೂಕ್ಷ್ಮವಾದ ಭೇದವೊಂದನ್ನು ಮಾಡಿದ್ದಾರೆ. ದಾನಕ್ಕೆ ಕೊಡುವವನು, ಕೊಳ್ಳುವವನು ಇಬ್ಬರೂ ಬೇಕು; ಕೊಟ್ಟವನ ಸ್ವತ್ವವು ಹೋಗಿ ಕೊಂಡವನ ಸ್ವತ್ವವು ಹುಟ್ಟಬೇಕು. ಕೆರೆ, ಬಾವಿ, ತೋಪು ಮುಂತಾದುವನ್ನು ಮಾಡಿಸಿ ಬಿಡುವುದಕ್ಕಾದರೋ ಉತ್ಸರ್ಗವೆಂದು ಹೆಸರು. ಅಲ್ಲಿ ಕೈಯೊಡ್ಡಿ ಸ್ವೀಕರಿಸುವವನೇ ಇಲ್ಲ. ಮಾಡಿಸಿದವನು ಸಕಲ ಪ್ರಾಣಿಗಳಿಗೂ ಎಂದು ನೀರನ್ನು ಬಿಟ್ಟುಬಿಡುತ್ತಾನೆ. ಆ ಮೇಲೆ ಅವನೇ ಆ ಕೆರೆಯ ನೀರನ್ನು ಕುಡಿಯಬಹುದೇ ಎಂಬ ಶಂಕೆಯನ್ನು ಎತ್ತಿಕೊಂಡು, ಸಕಲ ಪ್ರಾಣಿಗಳಲ್ಲಿ ಅವನೂ ಒಬ್ಬನಾದುದರಿಂದ ಕುಡಿಯಬಹುದೆಂದು ಸಮಾಧಾನವನ್ನೂ ಹೇಳಿದ್ದಾರೆ. ಬಾಲ್ಯದಲ್ಲಿ ಇದು ನನಗೆ ಪಂಡಿತರ ಕೂದಲು ಸೀಳುವ ಚರ್ಚೆಯಾಗಿ ತೋರಿತ್ತು. ಈಗ ಹಾಗೆ ತೋರುವುದಿಲ್ಲ. ನಮ್ಮ ಘಟ್ಟದ ಕಾಲುದಾರಿಗಳಲ್ಲಿ ಹಿಂದೆ ತಲೆಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳಲು ಕಲ್ಲುಕಟ್ಟೆಗಳಿರುತ್ತಿದ್ದುವು. ಅವುಗಳ ಮೇಲೆ ಹೊರೆಯಿಳಿಸಿದವರು ಯಾರ ಕಾಲಿಗೂ ಬೀಳಬೇಕಾಗಿರಲಿಲ್ಲ.

ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರು ದಾರಿಯನ್ನೂ ಈ ಕಟ್ಟೆಗಳ ಸಾಲಿಗೇ ಸೇರಿಸಬೇಕೆಂಬುದು ನನ್ನ ವಾದ. ಮೆಟ್ಟಿಲನ್ನು ಕಟ್ಟಿದಾಗ ನಡೆಯಬಲ್ಲ ಮಕ್ಕಳಿಂದ ನಾವು ಕೃತಜ್ಞತೆಯನ್ನು ಕೇಳಿದೆವೆ? ಅವರಿಗಾಗಿ ಕಟ್ಟಿದ್ದು ಕಟ್ಟಡದ ಒಂದು ಅಂಗ, ಇವನಿಗಾಗಿ ಕಟ್ಟಿದ್ದು ಮಾತ್ರ ಉಪಕಾರ ಎಂಬುದು ಯಾವ ನ್ಯಾಯ? ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿ, ನಮ್ಮ ದೇಶವು 2007ರಲ್ಲಿ ಸ್ಥಿರೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು, ಆಟ ವಿನೋದಗಳಲ್ಲಿ ಇಂಥ ಮಕ್ಕಳಿಗೆ ಇತರ ಮಕ್ಕಳಷ್ಟೇ ಅವಕಾಶವಿರಬೇಕೆಂದು ಮೂವತ್ತನೆಯ ವಿಧಿಯಲ್ಲಿ ಹೇಳಿದೆ. ಊಟ, ಔಷಧ, ಪಾಠಗಳ ಜೊತೆಗೆ ಆಟವನ್ನೂ ನ್ಯಾಯದ ಲೆಕ್ಕಕ್ಕೆ ಹಿಡಿದುದು ದೊಡ್ಡ ಮಾತು. ಅದರ ಬಳಿಕ ನಮ್ಮಲ್ಲಿ 2016ರ ಕಾನೂನು ಬಂದು, ಹಿಂದೆ 1995ರ ಕಾನೂನು ಗಣಿಸಿದ್ದ ಏಳು ಬಗೆಯ ವೈಕಲ್ಯಗಳ ಸ್ಥಾನದಲ್ಲಿ ಇಪ್ಪತ್ತೊಂದನ್ನು ಗಣಿಸಿತು. ಹುಡುಗನು ಕೃಷ್ಣನ ಬಾಯಿಯಿಂದ ಆಡಿಸಿದ ‘ಪಾಲು’ ಎಂಬ ಮಾತಿಗೆ ಕಾನೂನಿನ ಬಲವೂ ಉಂಟು.

ಆದರೆ ಕಾನೂನೊಂದರಿಂದ ಇಳಿಜಾರು ದಾರಿ ಏಳುವುದಿಲ್ಲ; ಅದಕ್ಕೆ ಯಾರಾದರೂ ಹಣವನ್ನು ಕೂಡಿಸಲೇಬೇಕು. ಹಣವನ್ನು ಕೂಡಿಸಿಯೂ ಮಕ್ಕಳ ತಲೆಯನ್ನು ತಗ್ಗಿಸದಿರಲು ಸಾಧ್ಯವೇ ಎಂದು ಯೋಚಿಸುವಾಗಲೆಲ್ಲ ಈ ಊರಿನವನಾದ ನನಗೆ ಕುದ್ಮುಲ್ ರಂಗರಾಯರ ನೆನಪಾಗುವುದು. 1859ರಲ್ಲಿ ಕಾಸರಗೋಡಿನಲ್ಲಿ ಜನಿಸಿ, ಮಂಗಳೂರಿನಲ್ಲಿ ಉಪಾಧ್ಯಾಯರೂ ವಕೀಲರೂ ಆಗಿದ್ದ ಅವರು, ಶಾಲೆಯ ಅಂಗಳಕ್ಕೂ ಸೇರಿಸದಿದ್ದ ಜಾತಿಗಳ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ, ತಮ್ಮ ಗಳಿಕೆಯನ್ನು ಸುರಿದು, ಸಾಲದಾದಾಗ ಇತರರಿಂದ ಸಹಾಯವನ್ನು ಕೇಳಿ ತಂದು, ಮಕ್ಕಳಿಗೆ ಅಕ್ಷರ, ಊಟ, ಕೈಗಸಬುಗಳನ್ನು ಒದಗಿಸಿದರು. 1928ರ ಜನವರಿ 30ರಂದು ತೀರಿಕೊಂಡರು. 1934ರಲ್ಲಿ ಮಹಾತ್ಮಾ ಗಾಂಧಿಯವರು ಮಂಗಳೂರಿಗೆ ಬಂದಾಗ ಆ ಸಂಸ್ಥೆಯನ್ನು ನೋಡಿದರು. ರಾಯರ ಸಮಾಧಿಯಲ್ಲಿ ಅವರ ಬಯಕೆಯೊಂದನ್ನು ಕೆತ್ತಿಸಿದೆ. ಈ ಜನರಲ್ಲಿ ಒಬ್ಬರು ಓದಿ ಮುಂದೆ ಬಂದು ಊರಿನ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಗಲಿದರೆ ಜನ್ಮ ಸಾರ್ಥಕವೆಂಬುದು ಅದರ ಭಾವ. ಪಡೆದವನು ಕಾರನ್ನು ನಿಲ್ಲಿಸಿ ಕೈಮುಗಿಯಬೇಕೆಂದು ರಾಯರು ಕೇಳಲಿಲ್ಲ. ಅವನು ನಿಲ್ಲದೆ ಹೋಗಬೇಕೆಂಬುದೇ ಅವರ ಆಸೆ. ಈಗ ನಮ್ಮ ಪುರಭವನವು ಅವರ ಹೆಸರನ್ನು ಹೊತ್ತಿದೆ. ಅಲ್ಲಿ ನಡೆಯುವ ಸನ್ಮಾನಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನಾನು ಈ ಸಮಾಧಿಲೇಖವನ್ನು ನೆನೆದು ಮನಸ್ಸಿನೊಳಗೇ ನಕ್ಕದ್ದುಂಟು.

ಇದೆಲ್ಲ ಬಾಯಿಮಾತಿಗೆ ಚೆನ್ನ, ಫಲಕವಿಲ್ಲದೆ ಹಣವೆಲ್ಲಿ ಬರುವುದೆಂದು ಶಿಬಿರದ ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ಅವರ ಮಾತನ್ನು ತಳ್ಳಿಹಾಕಲಾರೆನು. ಎರಡು ಬೇಸಿಗೆಗಳ ಊಟದ ವೆಚ್ಚವು ದೊರೆತುದು ದಾನಿಯೊಬ್ಬರ ಹೆಸರನ್ನು ದ್ವಾರದ ಕಮಾನಿನ ಮೇಲೆ ಬರೆಯಿಸಿದುದರಿಂದಲೇ. ದಾನಿಗೆ ಕೀರ್ತಿಯ ಆಸೆಯಿದ್ದರೆ ಇರಲಿ. ಕಲ್ಲಿನ ಮೇಲೆ ಹೆಸರು ಇದ್ದರೆ ಕಲ್ಲಿಗೇನೂ ನೋವಿಲ್ಲ. ಮಗುವಿನ ಬಾಯಿಂದ ಆ ಹೆಸರನ್ನು ಹೇಳಿಸುವುದು ಬೇರೆ ಮಾತು. ದಾನಿಯು ಬಂದರೆ ಲೆಕ್ಕದ ಪುಸ್ತಕವನ್ನು ತೋರಿಸೋಣ, ಅಡುಗೆಮನೆಯನ್ನು ತೋರಿಸೋಣ, ಮಕ್ಕಳ ಜೊತೆಯಲ್ಲಿ ಊಟಕ್ಕೆ ಕುಳ್ಳಿರಿಸೋಣ. ಯಾವ ಮಗು ಶುಲ್ಕವನ್ನು ಕೊಟ್ಟು ಬಂದುದು, ಯಾವುದು ಕೊಡದೆ ಬಂದುದು ಎಂಬುದು ಖಜಾಂಚಿಯೊಬ್ಬನಿಗಲ್ಲದೆ ಇನ್ನಾರಿಗೂ ತಿಳಿಯಬೇಕಾಗಿಲ್ಲ.

ಕೀರ್ತಿಯ ಆಸೆಯಿಂದ ಬೇರೊಂದು ತೊಡಕೂ ಉಂಟು. ಫಲಕವನ್ನು ತಾಗಿಸಲು ಎಡೆಯಿರುವ ವಸ್ತುಗಳಿಗೆ ಹಣ ಬೇಗ ಬರುವುದು. ಕಮಾನು ಎದ್ದಿತು; ಕಂಪ್ಯೂಟರುಗಳ ಕೋಣೆ ಎದ್ದಿತು; ಮೂರು ಮೆಟ್ಟಿಲುಗಳು ಮಾತ್ರ ಹಾಗೆಯೇ ಉಳಿದುವು. ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕೆಂಬುದು ಎಂಜಿನಿಯರರ ಲೆಕ್ಕ. ಮೂರು ಮೆಟ್ಟಿಲುಗಳಿಗೆ ಒಂದೂವರೆ ಅಡಿ ಎತ್ತರವೆಂದರೆ ಹದಿನೆಂಟು ಅಡಿಗಳ ದಾರಿ. ಅದು ನೆಲಕ್ಕೆ ಒರಗಿ ಮಲಗಿರುವ ವಸ್ತು, ದೂರದಿಂದ ಕಾಣಿಸದು. ಇನ್ನು ಮಗುವನ್ನು ಶೌಚಕ್ಕೆ ಕರೆದೊಯ್ಯುವ ಆಯಾಳ ಸಂಬಳ, ಕೈಸನ್ನೆಯ ಭಾಷೆಯನ್ನು ಬಲ್ಲ ಶಿಕ್ಷಕಿಯ ಗೌರವಧನ, ಇವುಗಳಿಗೆ ಫಲಕವನ್ನು ಎಲ್ಲಿ ತಾಗಿಸುವುದು? ಎಲ್ಲರನ್ನೂ ಒಳಗೊಳ್ಳುವ ಶಿಬಿರವು ನಿಂತಿರುವುದು ಗೋಡೆಗಳಿಗಿಂತ ಹೆಚ್ಚಾಗಿ ಇಂಥ ಮನುಷ್ಯರ ಮೇಲೆ. ಆಯಾಳಿಗೆ ಸಂಬಳವಿಲ್ಲದ ವರ್ಷ ಕಂಪ್ಯೂಟರುಗಳ ಕೋಣೆಗೆ ಬಣ್ಣ ಬಳಿದುದನ್ನು ನಾನು ನೋಡಿದ್ದೇನೆ. ಅದಕ್ಕೂ ನಾನು ಸಮಿತಿಯಲ್ಲಿ ಕೈಯೆತ್ತಿದವನೇ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಆ ಹದಿನೆಂಟು ಅಡಿಗಳ ದಾರಿ ಮುಗಿಯಿತು. ಹತ್ತು, ಇಪ್ಪತ್ತು, ನೂರು ರೂಪಾಯಿಗಳಂತೆ ನೆರೆಕರೆಯ ಮನೆಗಳಿಂದ ಕೂಡಿದ ಹಣದಲ್ಲಿ ಆದುದರಿಂದ ಅದಕ್ಕೆ ಹೆಸರಿಡುವ ಪ್ರಶ್ನೆ ಏಳಲಿಲ್ಲ. ಮಂಡಿನೋವಿನ ನಾನು ಈಗ ಮೆಟ್ಟಿಲುಗಳನ್ನು ಬಿಟ್ಟು ಅದರಲ್ಲಿಯೇ ಹತ್ತಿ ಹೋಗುತ್ತೇನೆ. ಅನ್ನದ ಹಂಡೆಯನ್ನೂ ಅಡುಗೆಯವರು ಅದರಲ್ಲಿಯೇ ಗಾಡಿಯಲ್ಲಿ ತಳ್ಳಿಕೊಂಡು ಬರುತ್ತಾರೆ.

ಈ ಬಾರಿಯ ಶಿಬಿರದ ಆಮಂತ್ರಣಪತ್ರಿಕೆಯ ಕರಡು ಮೊನ್ನೆ ನನ್ನಲ್ಲಿಗೆ ತಿದ್ದುವುದಕ್ಕಾಗಿ ಬಂದಿತು. ಸಮಾರೋಪದ ಕಾರ್ಯಕ್ರಮಗಳಲ್ಲಿ ‘ಫಲಾನುಭವಿ ಮಕ್ಕಳಿಂದ ಕೃತಜ್ಞತಾಸಮರ್ಪಣೆ’ ಎಂಬ ಸಾಲನ್ನು ಹೊಡೆದುಹಾಕಿ ಕಳುಹಿದೆನು. ಕಾರ್ಯದರ್ಶಿಗಳು ಒಂದು ದಿನ ತಡೆದು ಒಪ್ಪಿದರು. ‘ಮಹಾದಾನಿಗಳ ಸನ್ಮಾನ’ವು ಇನ್ನೂ ಉಳಿದಿದೆ. ಮುದ್ರಣವಾದೊಡನೆ ಒಂದು ಪ್ರತಿಯನ್ನು ಹುಡುಗನ ತಾಯಿಯ ಕೈಗೆ ನಾನೇ ಕೊಂಡೊಯ್ದು ಕೊಡಬೇಕೆಂದಿರುವೆನು. ಹುಡುಗನು ಈಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಮಕ್ಕಳಿಗೆ ಅರ್ಥಗಾರಿಕೆಯನ್ನು ಹೇಳಿಕೊಡಲು ಅವನು ಬರುವನೋ ಇಲ್ಲವೋ, ಕೇಳಿ ನೋಡಬೇಕು.