ಹೊಣೆ ಎಂಬ ಮಾತು

ಪದವಿಯ ಎರಡನೇ ವರ್ಷ ಎನ್‌ಎಸ್‌ಎಸ್ ವಿಶೇಷ ಶಿಬಿರಕ್ಕೆ ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಗೆ ಹೋಗಿದ್ದೆವು. ಏಳು ದಿನ. ಮೂರನೇ ದಿನ ಒಂದು ಬೀದಿಯ ಚರಂಡಿ ಹೂಳೆತ್ತಿ, ಪಕ್ಕದಲ್ಲೇ ಗುಡ್ಡೆ ಹಾಕಿ, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡೆವು. ಜಗಲಿಯ ಮೇಲಿದ್ದ ಅಜ್ಜಿಯೊಬ್ಬರು ಕೇಳಿದರು: "ಗುಡ್ಡೆ ಹಾಕ್ಬುಟ್ಟು ಹೊಂಟ್ರಲ್ಲ ಮಗ, ಮಳೆ ಬಂದ್ರೆ ಮತ್ತೆ ಚರಂಡಿಗೇ ತಾನೆ ಬೀಳೋದು?"

"ನಾಳೆ ಸಾಗಿಸ್ತೀವಿ ಅಜ್ಜಿ" ಅಂದೆ. ನಾಳೆಯ ಪಟ್ಟಿಯಲ್ಲಿ ಸಸಿ ನೆಡುವುದಿತ್ತು. ಹೂಳು ಅಲ್ಲೇ ಉಳಿಯಿತು.

ಗಾಂಧೀಜಿ ಜನ್ಮಶತಾಬ್ದಿಯ 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯ ಧ್ಯೇಯ 'ನನಗಲ್ಲ, ನಿನಗೆ'. ಎರಡು ವರ್ಷಕ್ಕೆ 240 ಗಂಟೆ ದುಡಿದು, ಒಂದು ಶಿಬಿರ ಮುಗಿಸಿದರೆ ಪ್ರಮಾಣಪತ್ರ. ನನಗೂ ಸಿಕ್ಕಿತು. ಪ್ರಮಾಣಪತ್ರದ ಆಸೆಗೆ ಮಾಡಿದ್ದು ಸೇವೆಯೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನನ್ನನ್ನು ಅಷ್ಟು ಕಾಡುವುದಿಲ್ಲ. ಯಾವ ಆಸೆಯಿಂದ ಎತ್ತಿದರೂ ಚರಂಡಿ ಚೊಕ್ಕಟವಾಗುತ್ತದೆ. ಕಾಡುವುದು ಅಜ್ಜಿಯ ಪ್ರಶ್ನೆ.

ಕನ್ನಡದಲ್ಲಿ 'ಹೊಣೆ' ಎಂದರೆ ಜಾಮೀನೂ ಹೌದು. ಸಾಲಕ್ಕೆ ಹೊಣೆ ನಿಂತವನ ಮನೆ ಎಲ್ಲರಿಗೂ ಗೊತ್ತಿರುತ್ತದೆ. ಸಾಲಗಾರ ತಪ್ಪಿದರೆ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ನಮ್ಮನ್ನು ಹುಡುಕಿ ಬರಲು ಅಜ್ಜಿಗೆ ದಾರಿಯೇ ಇರಲಿಲ್ಲ. ನಮ್ಮ ಗಂಟೆಗಳ ಲೆಕ್ಕ ಕೇಳುತ್ತಿದ್ದದ್ದು ಕಾಲೇಜು, ಊರಲ್ಲ. ಊರನ್ನು ದತ್ತು ತೆಗೆದುಕೊಳ್ಳಿ ಎಂದು ಯೋಜನೆಯೇ ಹೇಳುತ್ತದೆ. ಆದರೆ ಮರುವರ್ಷ ನಮ್ಮ ಶಿಬಿರ ಬೇರೆ ಊರಿಗೆ ಹೋಯಿತು. ಊರಿಗೆ ಹೋಗುವುದು ಸುಲಭ. ಅದೇ ಊರಿಗೆ ಮರಳಿ, 'ಹೂಳು ಏನಾಯಿತು?' ಎಂಬ ಮಾತಿಗೆ ತಲೆತಗ್ಗಿಸಿ ನಿಂತಾಗಲೇ ವಿದ್ಯಾರ್ಥಿ ಹೊಣೆ ಕಲಿಯುವುದು.

ಈಗ ಸಂಶೋಧನೆಗೆಂದು ಪ್ರಶ್ನಾವಳಿ ಹಿಡಿದು ಹಳ್ಳಿಗಳಿಗೆ ಹೋಗುತ್ತೇನೆ. ಹೊರಡುವಾಗ ಬಾಯಿಗೆ ಬರುವ 'ನಾಳೆ' ಎಂಬ ಮಾತನ್ನು ನುಂಗಿಕೊಳ್ಳುತ್ತೇನೆ. ಅರಕೆರೆಗೆ ಮಾತ್ರ ಇನ್ನೂ ಹೋಗಿಲ್ಲ.