ಹಿಗ್ಗುವ ದರವೇ ಬೇರೆ, ವೇಗವೇ ಬೇರೆ

ಬ್ರಹ್ಮಾಂಡವೇ ದಿನೇ ದಿನೇ ವೇಗ ಹೆಚ್ಚಿಸಿಕೊಂಡು ಓಡುತ್ತಿದೆ, ನೀವೇಕೆ ಕೂತಿದ್ದೀರಿ ಎಂದು ವ್ಯಕ್ತಿತ್ವ ವಿಕಸನದ ಭಾಷಣಕಾರರು ಕೇಳುವುದುಂಟು. ಮಾತು ಪೂರ್ತಿ ಸುಳ್ಳಲ್ಲ. ಆದರೆ ವಿಶ್ವ ಹಿಗ್ಗುವ ದರ ಇಳಿಯುತ್ತಲೇ ಇದೆ ಎಂಬುದೂ ಅಷ್ಟೇ ನಿಜ.

ಬ್ಯಾಂಕಿನ ಠೇವಣಿಯನ್ನೇ ನೋಡಿ. ಸಾವಿರ ರೂಪಾಯಿಗೆ ಶೇ. 10 ಬಡ್ಡಿಯೆಂದರೆ ವರ್ಷಕ್ಕೆ ನೂರು. ಬಡ್ಡಿ ಸೇರಿ ಸೇರಿ ಅಸಲು ಎರಡು ಸಾವಿರವಾಗುವ ಹೊತ್ತಿಗೆ ದರ ಶೇ. 8ಕ್ಕೆ ಇಳಿದಿದೆ ಎನ್ನಿ. ಆದರೂ ಕೈಗೆ ಬರುವ ಬಡ್ಡಿ 160. ಹಬಲ್ ಸ್ಥಿರಾಂಕವೆನ್ನುವುದು ಈ ದರ: ಇಂದು ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 70 ಕಿ.ಮೀ. ಆಸುಪಾಸು. ಯಾವುದೋ ಒಂದು ಗೆಲಾಕ್ಸಿ ನಮ್ಮಿಂದ ದೂರ ಸರಿಯುವ ವೇಗ ಬಡ್ಡಿಯ ಮೊತ್ತ. ಆರಂಭದ ಕ್ಷಣಗಳ ಮಾತು ಬಿಡಿ. ಆಮೇಲೆ ಸುಮಾರು 800 ಕೋಟಿ ವರ್ಷ ಗುರುತ್ವದ ಸೆಳೆತಕ್ಕೆ ದರ ಎಷ್ಟು ಬೇಗ ಇಳಿಯಿತೆಂದರೆ, ಮೊತ್ತವೂ ಕುಗ್ಗುತ್ತ ಹೋಯಿತು. ಹಿಗ್ಗಿದಷ್ಟೂ ವಸ್ತು ತೆಳುವಾಯಿತು, ತೆಳುವಾಗದ, ಹಿಗ್ಗುವಿಕೆಗೆ ವೇಗ ಕೊಡುವ ಡಾರ್ಕ್ ಎನರ್ಜಿಯ ಕೈ ಮೇಲಾಯಿತು. ಕಳೆದ 500-600 ಕೋಟಿ ವರ್ಷಗಳಿಂದ ದರದ ಇಳಿತ ಮೆಲ್ಲಗಾಗಿ ಮೊತ್ತ ಏರುತ್ತಿದೆ. ದೂರದ ಸೂಪರ್‌ನೋವಾಗಳು ಎಣಿಸಿದ್ದಕ್ಕಿಂತ ಮಸುಕಾಗಿರುವುದನ್ನು ಕಂಡು 1998ರಲ್ಲಿ ಎರಡು ತಂಡಗಳು ಸಾರಿದ್ದು ಈ ಏರಿಕೆಯನ್ನೇ.

ದರ ಬದಲಾಗುವುದನ್ನೇ ಸಹಿಸದವರೂ ಇದ್ದರು. ವಿಶ್ವ ಎಲ್ಲ ಕಡೆ ಮಾತ್ರವಲ್ಲ, ಎಲ್ಲ ಕಾಲದಲ್ಲೂ ಒಂದೇ ತೆರನಾಗಿರಬೇಕು ಎಂದು 1948ರಲ್ಲಿ ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ ವಾದಿಸಿದರು. ಇಲ್ಲವಾದರೆ ಇಂದು ಇಲ್ಲಿ ಕಲಿತ ಭೌತನಿಯಮ ಅಂದಿಗೂ ಸಲ್ಲುತ್ತದೆಂದು ನಂಬುವುದು ಹೇಗೆ? ನನಗೆ ಈ ವಾದ ಎಂದೂ ರುಚಿಸಿಲ್ಲ. ನಿಯಮ ಬದಲಾಗದಿರುವುದು ಒಂದು, ಸ್ಥಿತಿ ಬದಲಾಗದಿರುವುದು ಇನ್ನೊಂದು. ಐನ್‌ಸ್ಟೈನರ ಸಮೀಕರಣ ಇದ್ದ ಹಾಗೇ ಇರುತ್ತದೆ. ಸಾಂದ್ರತೆ ಇಳಿದಂತೆ ದರ ಎಷ್ಟು ಇಳಿಯಬೇಕೆಂದು ಹೇಳುವುದೂ ಅದೇ. ಬದಲಾವಣೆಯ ಲೆಕ್ಕವನ್ನು ನಿಯಮವೇ ಕೊಡುತ್ತಿರುವಾಗ ನಿಯಮಕ್ಕೆ ಬಂದ ಆಪತ್ತೇನು? ಆದರೂ ಅವರು ಹಟ ಬಿಡದೆ, ವಿಶ್ವ ತೆಳುವಾಗದಂತೆ ಹೊಸ ವಸ್ತು ಸದಾ ಹುಟ್ಟುತ್ತಿರುತ್ತದೆ ಎಂದರು. 1965ರಲ್ಲಿ ವಿಶ್ವದ ಬಿಸಿ ಆರಂಭದ ಕುರುಹಾದ ಹಿನ್ನೆಲೆ ವಿಕಿರಣದ ಸುದ್ದಿ ಹೊರಬಿದ್ದ ಮೇಲೆ ಆ ಪಕ್ಷ ಸೊರಗಿತು. ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೇತ್ರ್ 1931ರಲ್ಲೇ ಮೊದಲು ನಿಧಾನಿಸಿ ಆಮೇಲೆ ವೇಗ ಹಿಡಿಯುವ ವಿಶ್ವವನ್ನು ಲೆಕ್ಕ ಹಾಕಿ ಇಟ್ಟಿದ್ದರು. ನನ್ನ ಒಲವು ಅವರ ಕಡೆಗೇ.

ಡಾರ್ಕ್ ಎನರ್ಜಿ ಹೀಗೇ ಉಳಿದರೆ ದರ ಮುಂದೆಂದೋ 55-60ರ ನಡುವೆ ಬಂದು ನಿಂತೀತು. ಬಾಂಡಿ ಬೇಡಿದ ಸ್ಥಿರ ದರ ಆಗ ಸಿಗುತ್ತದೆ, ಅವರು ಬೇಡಿದ ಹೊಸ ವಸ್ತು ಮಾತ್ರ ಇರುವುದಿಲ್ಲ.